ಎಲ್ಲಿಡಬೇಕು ಎಂಬ ಪ್ರಶ್ನೆ: ಸಂವಿಧಾನ ರಚನಾ ಸಭೆಯ ರಾಜಿಗಳು ಮತ್ತು ನಮ್ಮ ಮುಂಬಯಿ

ಮುಂಬಯಿಯಲ್ಲಿ ಮದ್ಯ ಸಿಗುವ ಹೋಟೆಲುಗಳ ಫಲಕದಲ್ಲಿ ಹೆಸರಿನ ಕೆಳಗೆ ‘ಪರ್ಮಿಟ್ ರೂಮ್’ ಎಂದು ಬರೆದಿರುತ್ತದೆ. ಇಂಥ ಹೋಟೆಲುಗಳಲ್ಲಿ ಬಹಳಷ್ಟನ್ನು ಉಡುಪಿ, ಮಂಗಳೂರು ಕಡೆಯಿಂದ ಬಂದವರೇ ನಡೆಸಿಕೊಂಡು ಬಂದಿರುವುದರಿಂದ ಆ ಎರಡು ಪದಗಳು ಇಲ್ಲಿಯ ಕನ್ನಡಿಗರ ಕಿವಿಗೆ ಎಷ್ಟು ಪಳಗಿವೆಯೆಂದರೆ, ಅದು ಯಾವುದರ ಪರ್ಮಿಟ್, ಯಾರಿಗೆ ಬೇಕಾದ ಪರ್ಮಿಟ್ ಎಂದು ಯಾರೂ ಕೇಳುವುದಿಲ್ಲ. ಉತ್ತರ 1949ರ ಮುಂಬಯಿ ಪಾನನಿರೋಧ ಕಾಯಿದೆಯಲ್ಲಿದೆ. ಆ ಕಾಯಿದೆ ಮಹಾರಾಷ್ಟ್ರದಲ್ಲಿ ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಕುಡಿಯುವವನ ಬಳಿ ಪರವಾನಗಿ ಇರಬೇಕು. ಕಾಗದದ ಮೇಲೆ ನಿಷೇಧವೇ ನಿಯಮ, ಕುಡಿತವೇ ಅಪವಾದ. ಬೀದಿಯಲ್ಲಿ ಕಾಣುವುದು ಮಾತ್ರ ಇದರ ತಿರುಗುಮುರುಗು.

ತತ್ವವನ್ನು ಒಂದು ಮಟ್ಟದಲ್ಲಿಟ್ಟು ಆಚರಣೆಗೆ ಇನ್ನೊಂದು ಮಟ್ಟದಲ್ಲಿ ಜಾಗ ಮಾಡಿಕೊಡುವ ಈ ಉಪಾಯ ಬರಿಯ ಅಬಕಾರಿ ಇಲಾಖೆಯ ಜಾಣತನವಲ್ಲ. ದೆಹಲಿಯಲ್ಲಿ ಕುಳಿತ ಸಂವಿಧಾನ ರಚನಾ ಸಭೆಯೂ ಮದ್ಯದ ವಿಷಯದಲ್ಲಿ, ಮತ್ತು ಅದಕ್ಕಿಂತ ಎಷ್ಟೋ ಗಂಭೀರವಾದ ವಿಷಯಗಳಲ್ಲಿ, ಇದೇ ದಾರಿ ಹಿಡಿದಿತ್ತು. ಆ ಸಭೆಯ ಚರ್ಚೆಗಳನ್ನು ಓದುತ್ತ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಒಪ್ಪಿಗೆಯಾಗದ ಮಾತು ಬಂದಾಗ ಸದಸ್ಯರು ಅದು ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಮೆಲ್ಲನೆ ಬದಿಗಿಟ್ಟು, ಅದನ್ನು ಎಲ್ಲಿಡಬೇಕು ಎಂದು ಕೇಳತೊಡಗುತ್ತಾರೆ: ನ್ಯಾಯಾಲಯದ ಕೈಗೆ ಸಿಗುವ ಭಾಗದಲ್ಲೋ, ಸಿಗದ ಭಾಗದಲ್ಲೋ, ಇಂದಿನಿಂದಲೋ, ಹದಿನೈದು ವರ್ಷದ ಮೇಲೋ, ಸಂವಿಧಾನದಲ್ಲೋ, ಮುಂದೆ ಸಂಸತ್ತು ಮಾಡಬಹುದಾದ ಕಾನೂನಿನಲ್ಲೋ.

ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ರಂದು. ಸದಸ್ಯರನ್ನು ಜನರು ನೇರವಾಗಿ ಆರಿಸಿರಲಿಲ್ಲ. ಆಸ್ತಿ, ತೆರಿಗೆ, ವಿದ್ಯೆಗಳ ಅರ್ಹತೆಯಿದ್ದ ಕೆಲವರಷ್ಟೇ ಮತ ಹಾಕಿ ರಚಿಸಿದ್ದ ಪ್ರಾಂತೀಯ ಶಾಸನಸಭೆಗಳು ಅವರನ್ನು ಕಳುಹಿಸಿದ್ದವು, ಸಂಸ್ಥಾನಗಳ ಪ್ರತಿನಿಧಿಗಳು ಆಮೇಲೆ ಬಂದು ಸೇರಿಕೊಂಡರು. ಆಗಿನ ಮುಂಬಯಿ ಪ್ರಾಂತ್ಯದ ಹರವನ್ನು ಇಲ್ಲಿ ನೆನಪಿಡಬೇಕು. ಗುಜರಾತಿನ ಜಿಲ್ಲೆಗಳು, ಮರಾಠಿ ಜಿಲ್ಲೆಗಳು, ಅವುಗಳ ಜೊತೆಗೆ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ, ಎಲ್ಲವೂ ಅದರೊಳಗಿದ್ದವು. ಆದ್ದರಿಂದ ಈ ಒಂದೇ ಪ್ರಾಂತ್ಯದ ಪಟ್ಟಿಯಲ್ಲಿ ವಲ್ಲಭಭಾಯಿ ಪಟೇಲ್, ಕೆ.ಎಂ. ಮುನ್ಶಿ, ಬಿ.ಜಿ. ಖೇರ್, ಹಂಸಾ ಮೆಹತಾ, ಮೀನೂ ಮಸಾನಿ ಇವರ ಜೊತೆಗೆ ನಮ್ಮ ಆರ್.ಆರ್. ದಿವಾಕರ ಮತ್ತು ಎಸ್. ನಿಜಲಿಂಗಪ್ಪನವರ ಹೆಸರುಗಳೂ ಕಾಣುತ್ತವೆ. ಡಾ. ಬಿ.ಆರ್. ಅಂಬೇಡ್ಕರರು ಮೊದಲು ಆಯ್ಕೆಯಾಗಿದ್ದು ಬಂಗಾಳದಿಂದ. ದೇಶ ವಿಭಜನೆಯಿಂದ ಆ ಸ್ಥಾನ ಕೈತಪ್ಪಿದಾಗ, ಎಂ.ಆರ್. ಜಯಕರರ ರಾಜೀನಾಮೆಯಿಂದ ತೆರವಾಗಿದ್ದ ಮುಂಬಯಿ ಸ್ಥಾನಕ್ಕೆ ಅವರನ್ನು ಆರಿಸಿ ಕಳುಹಿಸುವಂತೆ ರಾಜೇಂದ್ರ ಪ್ರಸಾದರು 1947ರ ಜೂನ್ 30ರಂದು ಮುಂಬಯಿ ಪ್ರಾಂತ್ಯದ ಪ್ರಧಾನಿಯಾಗಿದ್ದ ಖೇರರಿಗೆ ಪತ್ರ ಬರೆದರು. ಕಾಂಗ್ರೆಸ್ಸನ್ನು ವರ್ಷಗಟ್ಟಲೆ ಟೀಕಿಸಿದ್ದವರನ್ನು ಕಾಂಗ್ರೆಸ್ಸೇ ಕರೆದು ಕೂರಿಸಿದ್ದು, ಸಂವಿಧಾನದ ಹಿಂದಿನ ರಾಜಿಗಳಲ್ಲಿ ಮೊದಲನೆಯದೆಂದೇ ನಾನು ಎಣಿಸುತ್ತೇನೆ.

ಕರಡಿನ ಕೆಲಸದಲ್ಲಿ ಇನ್ನಿಬ್ಬರನ್ನು ಕನ್ನಡನಾಡಿನ ನಂಟಿನಿಂದ ಗುರುತಿಸಬಹುದು. ಸಂವಿಧಾನ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾವ್ ಕರಾವಳಿಯವರು. 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿದ 243 ವಿಧಿಗಳ ಮೊದಲ ಕರಡೇ ಮುಂದಿನ ಕೆಲಸಕ್ಕೆ ತಳಪಾಯವಾಯಿತು. 1947ರ ಆಗಸ್ಟ್ 29ರಂದು ನೇಮಕವಾದ ಏಳು ಮಂದಿಯ ಕರಡು ಸಮಿತಿಗೆ, ಬಿ.ಎಲ್. ಮಿತ್ತರ್ ಬಿಟ್ಟುಹೋದ ಮೇಲೆ, ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರು ಬಂದರು. ಆದರೆ ಸಮಿತಿಯ ಹೊರೆಯೆಲ್ಲ ಕೊನೆಗೆ ಅಧ್ಯಕ್ಷ ಅಂಬೇಡ್ಕರರ ಹೆಗಲಿಗೇ ಬಿತ್ತೆಂದು ಅದೇ ಸಮಿತಿಯ ಟಿ.ಟಿ. ಕೃಷ್ಣಮಾಚಾರಿ ಸಭೆಯಲ್ಲೇ ಹೇಳಿದ್ದಾರೆ. 1948ರ ಫೆಬ್ರುವರಿಯ ಕರಡಿನಲ್ಲಿದ್ದ 315 ವಿಧಿಗಳು ಕೊನೆಗೆ 395 ಆದವು. ತಿದ್ದುಪಡಿಗಳ ಸೂಚನೆಗಳು 7,635 ಬಂದವು. ಸಭೆಯಲ್ಲಿ ನಿಜವಾಗಿ ಮಂಡನೆಯಾದವು 2,473.

ಮೂಲಭೂತ ಹಕ್ಕುಗಳು ಒಂದು ಕಡೆ, ರಾಜ್ಯನೀತಿಯ ನಿರ್ದೇಶಕ ತತ್ವಗಳು ಇನ್ನೊಂದು ಕಡೆ ಎಂಬ ವಿಭಜನೆಯೇ ಎಲ್ಲಕ್ಕಿಂತ ದೊಡ್ಡ ರಾಜಿ. ಇದರ ಮಾದರಿ ಐರ್ಲೆಂಡಿನ 1937ರ ಸಂವಿಧಾನದ್ದು. ಹಕ್ಕು ಮುರಿದರೆ ನಾಗರಿಕನು ನ್ಯಾಯಾಲಯಕ್ಕೆ ಹೋಗಬಹುದು; ನಿರ್ದೇಶಕ ತತ್ವವನ್ನು ಸರಕಾರ ಕೈಬಿಟ್ಟರೆ ಹೋಗಲಾಗದು, ಆದರೂ ಆ ತತ್ವಗಳು ದೇಶದ ಆಡಳಿತಕ್ಕೆ ಮೂಲಭೂತವಾದವು ಎಂದು 37ನೆಯ ವಿಧಿ ಹೇಳುತ್ತದೆ. ಮುಂಬಯಿಯಲ್ಲಿ ಅರ್ಥಶಾಸ್ತ್ರ ಕಲಿಸಿ ಹೆಸರಾಗಿದ್ದ, ಬಿಹಾರದಿಂದ ಆಯ್ಕೆಯಾಗಿದ್ದ ಪ್ರೊ. ಕೆ.ಟಿ. ಶಾ ಅವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ತನ್ನಲ್ಲಿ ಹಣವಿದ್ದಾಗ ಮಾತ್ರ ಬ್ಯಾಂಕು ಕೊಡಬಹುದಾದ ಚೆಕ್ಕಿಗೆ ಅವರು ಈ ತತ್ವಗಳನ್ನು ಹೋಲಿಸಿದರು. ಹೋಲಿಕೆ ಚುರುಕಾಗಿದೆ, ತಪ್ಪೂ ಅಲ್ಲ. ಆದರೆ ಆ ಚೆಕ್ಕು ಬರೆಯುವ ಪುಸ್ತಕ ಇಲ್ಲದೇ ಹೋಗಿದ್ದರೆ ಸಭೆಯಲ್ಲಿ ಎಷ್ಟು ವಾದಗಳು ಅರ್ಧದಲ್ಲೇ ಮುರಿದುಬೀಳುತ್ತಿದ್ದವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮದ್ಯದ ಚರ್ಚೆಯನ್ನೇ ನೋಡೋಣ. 1948ರ ನವೆಂಬರ್ 24ರಂದು ಪಾನನಿರೋಧವನ್ನು ನಿರ್ದೇಶಕ ತತ್ವಗಳಲ್ಲಿ ಸೇರಿಸುವ ತಿದ್ದುಪಡಿ ಬಂತು. ಕೊಲ್ಹಾಪುರದ ಬಿ.ಎಚ್. ಖರ್ಡೇಕರ್ ವ್ಯಕ್ತಿಸ್ವಾತಂತ್ರ್ಯದ ಹೆಸರಿನಲ್ಲಿ ವಿರೋಧಿಸಿದರು. ಆದಿವಾಸಿಗಳ ಪರವಾಗಿ ಮಾತನಾಡಿದ ಜೈಪಾಲ್ ಸಿಂಗ್ ಎತ್ತಿದ ಆಕ್ಷೇಪ ಇನ್ನೂ ಆಳದ್ದು: ಅಕ್ಕಿಯಿಂದ ಮಾಡಿದ ಪಾನೀಯವಿಲ್ಲದೆ ತಮ್ಮ ಜನರ ಧಾರ್ಮಿಕ ಆಚರಣೆಗಳೇ ನಡೆಯುವುದಿಲ್ಲ, ಬೇರೆಯವರ ನೈತಿಕತೆಯನ್ನು ಅವರ ಮೇಲೆ ಹೇರುವುದು ಸರಿಯಲ್ಲ ಎಂಬುದು ಅವರ ವಾದ. ಮುಂಬಯಿಯ ಖೇರರು ಪಾನನಿರೋಧವನ್ನು ಬಲವಾಗಿ ಸಮರ್ಥಿಸಿದರು. ಅಂಬೇಡ್ಕರರು ತಿದ್ದುಪಡಿಯನ್ನು ಒಪ್ಪಿಕೊಂಡರು. ಒಪ್ಪಿಕೊಂಡ ಉಸಿರಿನಲ್ಲೇ, ಇದು ನಿರ್ದೇಶಕ ತತ್ವವಾದ್ದರಿಂದ ಇದರಂತೆ ನಡೆಯಲೇಬೇಕೆಂಬ ಬಲವಂತ ರಾಜ್ಯದ ಮೇಲಿಲ್ಲ ಎಂದು ಜೈಪಾಲ್ ಸಿಂಗರಿಗೆ ಸಮಾಧಾನ ಹೇಳಿದರು. ಪಾನನಿರೋಧ ಬೇಕೆಂದವರಿಗೆ ಸಂವಿಧಾನದ ಮಾತು ದೊರೆಯಿತು, ಬೇಡವೆಂದವರಿಗೆ ಆ ಮಾತಿನಲ್ಲಿ ಬಿಗಿಯಿಲ್ಲವೆಂಬ ಭರವಸೆ ದೊರೆಯಿತು. 47ನೆಯ ವಿಧಿಯಲ್ಲಿರುವ ಕ್ರಿಯಾಪದ ‘ನಿಷೇಧಿಸತಕ್ಕದ್ದು’ ಅಲ್ಲ, ‘ಪ್ರಯತ್ನಿಸತಕ್ಕದ್ದು’. ಮುಂಬಯಿ ಸರಕಾರ ಆ ಪ್ರಯತ್ನವನ್ನು ಎಲ್ಲರಿಗಿಂತ ಹುರುಪಿನಿಂದ ಮಾಡಿತೆಂಬುದು ಬೇರೆ ಕಥೆ. ಅದರ ಕಾಯಿದೆಯನ್ನು ಬಾಲ್ಸಾರಾ ಎಂಬವರು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯ 1951ರಲ್ಲಿ ಕಾಯಿದೆಯ ಹೆಚ್ಚಿನ ಭಾಗವನ್ನು ಎತ್ತಿಹಿಡಿದು, ಮದ್ಯಾಂಶವಿರುವ ಔಷಧ ಮತ್ತು ಸೌಂದರ್ಯಸಾಧನಗಳಿಗೆ ಸಂಬಂಧಿಸಿದ ಭಾಗಗಳನ್ನು ಬಿಡಿಸಿ ಹಾಕಿತು.

ಇದರ ಹಿಂದಿನ ದಿನ, ಅಂದರೆ ನವೆಂಬರ್ 23ರಂದು, ಸಮಾನ ನಾಗರಿಕ ಸಂಹಿತೆಯ ಚರ್ಚೆ ನಡೆದಿತ್ತು. ಅದರ ಬೇರು 1947ರಷ್ಟು ಹಿಂದಿನದು. ಮೂಲಭೂತ ಹಕ್ಕುಗಳ ಉಪಸಮಿತಿಯಲ್ಲಿ ಹಂಸಾ ಮೆಹತಾ, ಮೀನೂ ಮಸಾನಿ ಮತ್ತು ರಾಜಕುಮಾರಿ ಅಮೃತ್ ಕೌರ್ ಈ ಸಂಹಿತೆಯನ್ನು ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದಾದ ಹಕ್ಕುಗಳ ಸಾಲಿನಲ್ಲೇ ಇಡಬೇಕೆಂದು ವಾದಿಸಿ, ಬಹುಮತ ಒಪ್ಪದಿದ್ದಾಗ ಭಿನ್ನಮತವನ್ನು ಲಿಖಿತವಾಗಿ ದಾಖಲಿಸಿದರು. ಮೂವರಲ್ಲಿ ಇಬ್ಬರು ಮುಂಬಯಿಯವರು. ಸಂಹಿತೆ ನಿರ್ದೇಶಕ ತತ್ವಗಳ ಸಾಲಿಗೆ ಹೋಯಿತು. ಆದರೆ ಸಭೆಯಲ್ಲಿ ಮೊಹಮ್ಮದ್ ಇಸ್ಮಾಯಿಲ್, ಪೋಕರ್ ಸಾಹೇಬ್, ನಜೀರುದ್ದೀನ್ ಅಹ್ಮದ್ ಮೊದಲಾದವರಿಗೆ ಅಷ್ಟೂ ಹೆಚ್ಚಾಗಿ ಕಂಡಿತು; ತಮ್ಮ ವೈಯಕ್ತಿಕ ಕಾನೂನನ್ನು ಬಿಡಬೇಕೆಂಬ ಬಲವಂತ ಯಾವ ಸಮುದಾಯಕ್ಕೂ ಇರಬಾರದೆಂದು ಅವರು ತಿದ್ದುಪಡಿಗಳನ್ನು ತಂದರು. ಮುನ್ಶಿ ಮತ್ತು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಮೂಲ ವಿಧಿಯನ್ನು ಸಮರ್ಥಿಸಿದರು. ಅಂಬೇಡ್ಕರರ ಉತ್ತರದಲ್ಲಿ ಎರಡು ಭಾಗಗಳಿದ್ದವು. ವಾಯವ್ಯ ಗಡಿ ಪ್ರಾಂತ್ಯದ ಮುಸ್ಲಿಮರು ಉತ್ತರಾಧಿಕಾರದಂಥ ವಿಷಯಗಳಲ್ಲಿ 1935ರ ವರೆಗೆ ಹಿಂದೂ ಕಾನೂನನ್ನೂ, ಉತ್ತರ ಮಲಬಾರಿನ ಮುಸ್ಲಿಮರು ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಮರುಮಕ್ಕತ್ತಾಯವನ್ನೂ ಅನುಸರಿಸುತ್ತಿದ್ದರೆಂದು ತೋರಿಸಿ, ವೈಯಕ್ತಿಕ ಕಾನೂನು ಬದಲಾಗದ ಶಿಲೆಯಲ್ಲ ಎಂದು ಅವರು ಹೇಳಿದರು. ಕರಾವಳಿಯ ಅಳಿಯಕಟ್ಟು ಬಲ್ಲವರಿಗೆ ಈ ಮಾತು ಬೇಗ ಅರ್ಥವಾದೀತು. ಆಮೇಲೆ, ಸಂಸತ್ತು ಮುಂದೆ ಸಂಹಿತೆಯನ್ನು ಮಾಡುವಾಗ, ತಮಗೆ ಅದು ಒಪ್ಪಿಗೆಯೆಂದು ತಾವಾಗಿ ಘೋಷಿಸಿಕೊಂಡವರಿಗೆ ಮಾತ್ರ ಮೊದಲು ಅನ್ವಯಿಸಬಹುದು ಎಂದು ಒಂದು ಬಾಗಿಲನ್ನು ತೆರೆದಿಟ್ಟರು. 44ನೆಯ ವಿಧಿಯ ಕ್ರಿಯಾಪದವೂ ‘ಪ್ರಯತ್ನಿಸತಕ್ಕದ್ದು’ ಎಂದೇ ಇದೆ. ಇಂದು ಈ ವಿಧಿಯನ್ನು ಹಿಡಿದು ಎರಡೂ ಕಡೆಯವರು ಸಂವಿಧಾನ ತಮ್ಮ ಪಕ್ಷದಲ್ಲಿದೆ ಎನ್ನುತ್ತಾರೆ. ಒಂದರ್ಥದಲ್ಲಿ ಇಬ್ಬರ ಮಾತೂ ನಿಜ, ಏಕೆಂದರೆ ವಾಕ್ಯವನ್ನು ಹೆಣೆದದ್ದೇ ಹಾಗೆ.

ಕೆಲವು ವಿಷಯಗಳನ್ನು ಹೀಗೆ ಸಾಲು ಬದಲಿಸಿ ಸುಧಾರಿಸಲು ಆಗುತ್ತಿರಲಿಲ್ಲ. ಸರಕಾರದ ಕಡತ ಯಾವುದಾದರೊಂದು ಭಾಷೆಯಲ್ಲಿ ಇರಲೇಬೇಕು. ಸಭೆ ಸೇರಿದ ಎರಡನೆಯ ದಿನವೇ, 1946ರ ಡಿಸೆಂಬರ್ 10ರಂದು, ಆರ್.ವಿ. ಧುಲೇಕರ್ ಹಿಂದೂಸ್ತಾನಿ ತಿಳಿಯದವರಿಗೆ ಈ ದೇಶದಲ್ಲಿರುವ ಹಕ್ಕೇ ಇಲ್ಲ ಎಂದಿದ್ದರು. 1948ರ ನವೆಂಬರಿನಲ್ಲಿ ಕೃಷ್ಣಮಾಚಾರಿಯವರು, ಇಡಿಯ ಭಾರತ ಬೇಕೋ ಹಿಂದಿಯ ಭಾರತ ಬೇಕೋ ಎಂಬುದನ್ನು ಉತ್ತರದ ಮಿತ್ರರೇ ತೀರ್ಮಾನಿಸಲಿ ಎಂದು ಎಚ್ಚರಿಸಿದರು. ಈ ಎರಡು ಮಾತುಗಳ ನಡುವೆ ದಾರಿ ಹುಡುಕಿದ್ದು ಮುನ್ಶಿ ಮತ್ತು ಎನ್. ಗೋಪಾಲಸ್ವಾಮಿ ಅಯ್ಯಂಗಾರ್. ಗುಜರಾತಿ ಲೇಖಕನೊಬ್ಬ ಮತ್ತು ತಮಿಳು ಆಡಳಿತಗಾರನೊಬ್ಬ ಕೂಡಿ ಹಿಂದಿಯ ಹಣೆಬರಹ ಬರೆದರೆಂಬುದು ಗಮನಿಸತಕ್ಕ ಸಂಗತಿ.

1949ರ ಸೆಪ್ಟೆಂಬರ್ 12ರಿಂದ 14ರ ವರೆಗೆ ಚರ್ಚೆಯಾಗಿ ಅಂಗೀಕಾರವಾದ ಅವರ ಸೂತ್ರದಲ್ಲಿ ‘ರಾಷ್ಟ್ರಭಾಷೆ’ ಎಂಬ ಪದವಿಲ್ಲ. ದೇವನಾಗರಿ ಲಿಪಿಯ ಹಿಂದಿ ಒಕ್ಕೂಟದ ಅಧಿಕೃತ ಭಾಷೆ. ಆದರೆ ಹದಿನೈದು ವರ್ಷಗಳ ಕಾಲ ಇಂಗ್ಲಿಷ್ ಹಿಂದಿನಂತೆಯೇ ಮುಂದುವರಿಯುತ್ತದೆ. ಆಮೇಲೂ ಬೇಕೆನಿಸಿದರೆ ಸಂಸತ್ತು ಕಾನೂನು ಮಾಡಿ ಮುಂದುವರಿಸಬಹುದು. ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳಲ್ಲಿ ಇಂಗ್ಲಿಷೇ ಇರುತ್ತದೆ. ಹಿಂದಿ ಬೇಕೆಂದವರು ಹೆಸರನ್ನು ಗೆದ್ದರು, ಬೇಡವೆಂದವರು ಕಾಲಾವಕಾಶವನ್ನು ಗೆದ್ದರು. ಆಶ್ಚರ್ಯವೆಂದರೆ, ಭಾಷೆಗಿಂತಲೂ ಅಂಕಿಗಳ ಬಗ್ಗೆ ನಡೆದ ಜಗಳ ಒಂದು ಹಂತದಲ್ಲಿ ಹೆಚ್ಚು ಕಹಿಯಾಯಿತು. ದೇವನಾಗರಿ ಅಂಕಿಗಳೋ, ಜಗತ್ತೆಲ್ಲ ಬಳಸುವ 1, 2, 3 ಎಂಬ ಅಂಕಿಗಳೋ? ಎರಡನೆಯದನ್ನು ಒಪ್ಪಿಸುವುದಕ್ಕಾಗಿ ಅದಕ್ಕೆ ‘ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ’ ಎಂಬ ಹೆಸರಿಟ್ಟರು. ಇತಿಹಾಸದ ದೃಷ್ಟಿಯಿಂದ ಹೆಸರು ನ್ಯಾಯವಾದದ್ದೇ, ಆ ಅಂಕಿಗಳು ಹುಟ್ಟಿದ್ದು ಇಲ್ಲಿಯೇ. ಕನ್ನಡಕ್ಕೆ ತನ್ನದೇ ಅಂಕಿಗಳಿದ್ದರೂ ಈ ಲೇಖನದಲ್ಲಿ ಇಸವಿಗಳನ್ನು ನಾನು ಬರೆದಿರುವುದೂ ಅದೇ ರೂಪದಲ್ಲಿ. ಹದಿನೈದು ವರ್ಷದ ಗಡುವು 1965ರ ಜನವರಿ 26ಕ್ಕೆ ಮುಗಿಯಬೇಕಾಗಿತ್ತು. ಅದಕ್ಕೆ ಮೊದಲೇ, 1963ರ ಅಧಿಕೃತ ಭಾಷೆಗಳ ಕಾಯಿದೆ ಇಂಗ್ಲಿಷನ್ನು ಉಳಿಸುವ ದಾರಿ ಮಾಡಿತು. ಹಾಗಿದ್ದೂ 1965ರಲ್ಲಿ ಮದರಾಸು ಹೊತ್ತಿ ಉರಿಯಿತು. ಸಂವಿಧಾನ ಹೆಸರಿಸುವ ಭಾಷೆಗಳ ಪಟ್ಟಿಯಾದ ಎಂಟನೆಯ ಅನುಸೂಚಿಯಲ್ಲಿ ಆಗ ಸೇರಿದ 14 ಭಾಷೆಗಳಲ್ಲಿ ಕನ್ನಡವೂ ಒಂದು. ಗೋವಾ ಆಗಿನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಕೊಂಕಣಿ ಅನುಸೂಚಿಗೆ ಬಂದದ್ದು 1992ರಲ್ಲಿ. ಮುಂಬಯಿಯಲ್ಲಿ ಅಷ್ಟು ದೊಡ್ಡ ಬಳಗವುಳ್ಳ ತುಳು ಇನ್ನೂ ಹೊರಗೇ ಕಾಯುತ್ತಿದೆ.

ಗಡುವಿನ ಇನ್ನೊಂದು ರಾಜಿಯ ಮೂಲ ಪುಣೆಯಲ್ಲಿದೆ. 1932ರ ಆಗಸ್ಟಿನಲ್ಲಿ ಬ್ರಿಟಿಷ್ ಸರಕಾರ ದಲಿತ ವರ್ಗಗಳಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಘೋಷಿಸಿದಾಗ ಗಾಂಧೀಜಿ ಯೆರವಡಾ ಜೈಲಿನಲ್ಲಿ ಉಪವಾಸ ಕೂತರು, ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದಕ್ಕೆ ಸಹಿ ಬಿತ್ತು. ಪ್ರತ್ಯೇಕ ಮತಕ್ಷೇತ್ರ ಹೋಗಿ, ಎಲ್ಲರೂ ಕೂಡಿ ಮತ ಹಾಕುವ ಕ್ಷೇತ್ರಗಳಲ್ಲಿ 148 ಮೀಸಲು ಸ್ಥಾನಗಳು ಬಂದವು. ಉಪವಾಸದ ಒತ್ತಡದಡಿ ಮಾಡಿಕೊಂಡ ಆ ಒಪ್ಪಂದದ ಬಗ್ಗೆ ಅಂಬೇಡ್ಕರರ ಅಸಮಾಧಾನ ಕೊನೆಯವರೆಗೂ ಹೋಗಲಿಲ್ಲ. ಆದರೂ ಸಂವಿಧಾನದ 330ನೆಯ ವಿಧಿಯಲ್ಲಿ ಇರುವುದು ಅದೇ ಮಾದರಿ. ಧಾರ್ಮಿಕ ಅಲ್ಪಸಂಖ್ಯಾತರಿಗೆ 1947ರ ಆಗಸ್ಟಿನಲ್ಲಿ ಒಪ್ಪಿದ್ದ ಮೀಸಲು ಸ್ಥಾನಗಳನ್ನು ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿಯ ಶಿಫಾರಸಿನಂತೆ 1949ರ ಮೇ ತಿಂಗಳಿನಲ್ಲಿ ಕೈಬಿಡಲಾಯಿತು. ಬೇಗಂ ಐಜಾಜ್ ರಸೂಲರಂಥ ಮುಸ್ಲಿಂ ಸದಸ್ಯರೂ ಅದನ್ನು ಬೆಂಬಲಿಸಿದರು. ವಿಭಜನೆಯ ಗಾಯ ಹಸಿಯಾಗಿದ್ದ ಆ ದಿನಗಳಲ್ಲಿ ಬೆಂಬಲಿಸದೆ ಇರುವುದು ಎಷ್ಟರಮಟ್ಟಿಗೆ ಸಾಧ್ಯವಿತ್ತೆಂಬ ಅನುಮಾನ ನನಗಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಸ್ಥಾನಗಳು ಹತ್ತು ವರ್ಷದ ಗಡುವಿನೊಂದಿಗೆ ಉಳಿದವು. ಆ ಗಡುವನ್ನು ಹತ್ತು ಹತ್ತು ವರ್ಷಕ್ಕೆ ವಿಸ್ತರಿಸುತ್ತ ಬಂದಿದ್ದಾರೆ. ಈಗಿನದು 2030ರ ಜನವರಿಯವರೆಗೆ ಇದೆ. ಶಾಸನಸಭೆಗಳ ಸ್ಥಾನಗಳಿಗೆ ಮಾತ್ರ ಇರುವ ಈ ಗಡುವನ್ನು ಶಿಕ್ಷಣ, ಉದ್ಯೋಗಗಳ ಮೀಸಲಾತಿಗೆ ಅಂಟಿಸಿ ಮಾತನಾಡುವುದು ನಮ್ಮ ಸಭೆ ಸಮಾರಂಭಗಳಲ್ಲಿ ಹಳೆಯ ಅಭ್ಯಾಸ, ತಪ್ಪು ಅಭ್ಯಾಸ.

ಒಮ್ಮೊಮ್ಮೆ ಇಡೀ ಜಗಳ ಮೂರು ಪದಗಳಲ್ಲಿ ಅಡಗಿರುತ್ತಿತ್ತು. ಜೀವ ಮತ್ತು ಸ್ವಾತಂತ್ರ್ಯವನ್ನು ಕಸಿಯಬೇಕಾದರೆ ಕಾನೂನಿನ ‘ನ್ಯಾಯೋಚಿತ ಪ್ರಕ್ರಿಯೆ’ ಬೇಕು ಎಂದು ಬರೆದರೆ, ಆ ಕಾನೂನೇ ನ್ಯಾಯವಾದದ್ದೋ ಎಂದು ನೋಡುವ ಅಧಿಕಾರ ನ್ಯಾಯಾಧೀಶರಿಗೆ ಬರುತ್ತದೆ. ‘ಕಾನೂನು ಗೊತ್ತುಪಡಿಸಿದ ಪ್ರಕ್ರಿಯೆ’ ಎಂದು ಬರೆದರೆ ಶಾಸನಸಭೆ ಹಾಕಿದ ವಿಧಾನವನ್ನು ಪೊಲೀಸರು ಪಾಲಿಸಿದರೆ ಸಾಕು. 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿದ್ದ ಬೆನೆಗಲ್ ರಾಯರಿಗೆ ಅಲ್ಲಿಯ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಮೊದಲಿನ ರೀತಿಯ ಮಾತು ಚುನಾಯಿತರ ಮೇಲೆ ನ್ಯಾಯಾಧೀಶರನ್ನು ಕೂರಿಸುತ್ತದೆ, ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದ್ದಲ್ಲ ಎಂದು ಹೇಳಿದರು. ಕರಡು ಸಮಿತಿ ಜಪಾನಿನ ಸಂವಿಧಾನದಿಂದ ಎರಡನೆಯ ಮಾತನ್ನು ತಂದಿತು. ಸಭೆ ಕೆರಳಿತು, ಜೈಲು ಕಂಡು ಬಂದಿದ್ದ ಸದಸ್ಯರಿಗೆ ಶಾಸನಸಭೆಯ ಕಾನೂನು ಎಂಬ ಮಾತಿನಲ್ಲಿ ಅಷ್ಟು ವಿಶ್ವಾಸವಿರಲಿಲ್ಲ. ಅಂಬೇಡ್ಕರರು 1948ರ ಡಿಸೆಂಬರ್ 13ರಂದು ತಾವು ಯಾವ ಕಡೆಗೂ ವಾಲದೆ, ಎರಡೂ ಕಡೆಯ ಅಪಾಯವನ್ನು ವಿವರಿಸಿ, ತೀರ್ಮಾನವನ್ನು ಸಭೆಗೆ ಬಿಟ್ಟರು. ಜಪಾನಿನ ಪದಗಳೇ ನಿಂತವು. ಆದರೆ ಮರುವರ್ಷದ ಸೆಪ್ಟೆಂಬರಿನಲ್ಲಿ ಅವರು ಹೊಸದೊಂದು ವಿಧಿಯನ್ನು ಪರಿಹಾರವಾಗಿ ತಂದರು. ಬಂಧಿಸಿದವನಿಗೆ ಕಾರಣ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಅದು ಹೇಳಿತು. ಅದೇ ವಿಧಿ, ಇಂದಿನ 22ನೆಯದು, ವಿಚಾರಣೆಯಿಲ್ಲದ ಮುಂಜಾಗ್ರತಾ ಬಂಧನವನ್ನೂ ಒಪ್ಪಿಕೊಂಡಿತು. 1950ರ ಎ.ಕೆ. ಗೋಪಾಲನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಪದಗಳ ಇಕ್ಕಟ್ಟಾದ ಅರ್ಥವನ್ನು ಹಿಡಿಯಿತು. 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ, ಪ್ರಕ್ರಿಯೆ ನ್ಯಾಯಯುತವಾಗಿರಬೇಕು ಎಂದು ಹೇಳಿ, ಸಭೆ ಬೇಡವೆಂದದ್ದನ್ನು ಸುತ್ತುದಾರಿಯಿಂದ ಒಳಕ್ಕೆ ಕರೆದುಕೊಂಡಿತು.

ರಾಜಿಗೆ ಬಗ್ಗದ ವಿಷಯಗಳೂ ಇದ್ದವು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್, ಮಧ್ಯಪ್ರಾಂತ್ಯದ ಸದಸ್ಯರಾಗಿ, ಪೀಠಿಕೆ ದೇವರ ಹೆಸರಿನಲ್ಲಿ ಆರಂಭವಾಗಬೇಕೆಂದು 1949ರ ಅಕ್ಟೋಬರ್ 17ರಂದು ತಿದ್ದುಪಡಿ ತಂದರು. ದೇವರನ್ನು ಮತಕ್ಕೆ ಹಾಕುವ ಸಂದಿಗ್ಧಕ್ಕೆ ತಮ್ಮನ್ನು ದೂಡಬೇಡಿರೆಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರೂ ಕಾಮತರು ಹಿಂತೆಗೆದುಕೊಳ್ಳಲಿಲ್ಲ. 41ಕ್ಕೆ 68 ಮತಗಳಿಂದ ತಿದ್ದುಪಡಿ ಬಿದ್ದುಹೋಯಿತು. ಹಾಗೆ ನೋಡಿದರೆ ಇಂಥ ಎಣಿಕೆಗಳು ಸಭೆಯಲ್ಲಿ ಅಪರೂಪ. ಬಹುಪಾಲು ತೀರ್ಮಾನಗಳು ಮೊದಲು ಕಾಂಗ್ರೆಸ್ ಪಕ್ಷದ ಒಳಸಭೆಗಳಲ್ಲಿ ಹಣ್ಣಾಗಿ ಆಮೇಲೆ ಹೊರಗೆ ಬರುತ್ತಿದ್ದವು. ಅಂಬೇಡ್ಕರರು ತಮ್ಮ ಕೊನೆಯ ದೊಡ್ಡ ಭಾಷಣದಲ್ಲಿ ಈ ಪಕ್ಷಶಿಸ್ತಿಗೆ ಕೃತಜ್ಞತೆ ಹೇಳಿ, ಅದಕ್ಕೆ ಮಣಿಯದ ಕಾಮತ್, ಶಾ ಮುಂತಾದವರಿಂದಲೇ ಚರ್ಚೆಗೆ ಜೀವ ಬಂದಿತೆಂದೂ ಹೇಳಿದರು. ಮೈಸೂರಿನ ಕೆ. ಹನುಮಂತಯ್ಯನವರಿಗಂತೂ ಇಡೀ ಫಲಿತಾಂಶವೇ ಸಪ್ಪೆಯೆನಿಸಿತ್ತು: ವೀಣೆಯ ಅಥವಾ ಸಿತಾರಿನ ನಾದ ಬಯಸಿದ್ದೆವು, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂದರು.

ನಮ್ಮವರಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಭಾಷಾವಾರು ಪ್ರಾಂತ್ಯಗಳದ್ದು. ದಿವಾಕರರೂ ನಿಜಲಿಂಗಪ್ಪನವರೂ ಕರ್ನಾಟಕ ಏಕೀಕರಣದ ಮುಂದಾಳುಗಳು. ಅವರು ಪ್ರತಿನಿಧಿಸುತ್ತಿದ್ದ ಪ್ರಾಂತ್ಯವನ್ನೇ ಒಡೆಯಬೇಕೆಂಬುದು ಅವರ ಬೇಡಿಕೆ. 1920ರಿಂದ ತನ್ನ ಪ್ರಾಂತೀಯ ಸಮಿತಿಗಳನ್ನು ಭಾಷೆಯ ಮೇಲೆ ಕಟ್ಟಿಕೊಂಡಿದ್ದ ಕಾಂಗ್ರೆಸ್, ಅಧಿಕಾರ ಕೈಗೆ ಬಂದಾಗ ಹಿಂಜರಿಯಿತು. ಈ ಪ್ರಶ್ನೆಯನ್ನು ಪರಿಶೀಲಿಸಲು ನೇಮಿಸಿದ್ದ ಧರ್ ಆಯೋಗ 1948ರ ಡಿಸೆಂಬರಿನಲ್ಲಿ ಬೇಡವೆಂದಿತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಇವರ ಸಮಿತಿ 1949ರ ಏಪ್ರಿಲಿನಲ್ಲಿ ಸದ್ಯಕ್ಕೆ ಮುಂದೂಡಿ ಎಂದಿತು. ದೇಶ ಆಗ ತಾನೇ ಎರಡಾಗಿತ್ತು. ಇನ್ನೊಂದು ಗೆರೆ ಎಳೆಯಲು ದೆಹಲಿಗೆ ಕೈ ನಡುಗುತ್ತಿತ್ತು. ಸಭೆ ರಾಜ್ಯಗಳ ನಕಾಶೆಯನ್ನು ಸಂವಿಧಾನದಲ್ಲಿ ಬಿಗಿಯಾಗಿ ಕಟ್ಟಲೂ ಇಲ್ಲ, ಭಾಷಾವಾರು ಪ್ರಾಂತ್ಯಗಳ ಮಾತು ಕೊಡಲೂ ಇಲ್ಲ. 3ನೆಯ ವಿಧಿಯಲ್ಲಿ, ಸಾಮಾನ್ಯ ಬಹುಮತದ ಕಾನೂನಿನಿಂದ ಹೊಸ ರಾಜ್ಯ ಮಾಡುವ, ಗಡಿ ಬದಲಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟು ಕೈತೊಳೆದುಕೊಂಡಿತು. ಪ್ರಸ್ತಾಪ ಸಂಬಂಧಪಟ್ಟ ರಾಜ್ಯದ ಶಾಸನಸಭೆಯಿಂದಲೇ ಹೊರಡಬೇಕೆಂಬ ಶಾ ಅವರ ತಿದ್ದುಪಡಿ ಬಿದ್ದುಹೋಯಿತು. ಶಾಸನಸಭೆಯ ಅಭಿಪ್ರಾಯ ಕೇಳಿದರೆ ಸಾಕು, ಅದರ ಒಪ್ಪಿಗೆ ಬೇಕಿಲ್ಲ. ಒಪ್ಪಿಗೆ ಬೇಕೆಂದು ಬರೆದಿದ್ದರೆ ಮುಂಬಯಿ, ಹೈದರಾಬಾದು, ಮದರಾಸು, ಮೈಸೂರುಗಳೆಲ್ಲ ಹೂಂ ಎನ್ನುವವರೆಗೆ ಏಕೀಕರಣ ಕಾಯಬೇಕಾಗುತ್ತಿತ್ತು. 1956ರ ನವೆಂಬರ್ 1ರಂದು, ಚಂದಗಡ ತಾಲೂಕನ್ನು ಬಿಟ್ಟು, ಮುಂಬಯಿಯಲ್ಲಿದ್ದ ನಾಲ್ಕೂ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದವು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ಇತ್ತಲೇ ಉಳಿದರು. ಅದೇ ವಿಧಿಯ ಸಡಿಲು ಇನ್ನೊಂದು ಕಡೆ ಕೆಲಸ ಮಾಡುತ್ತಲೇ ಇದೆ: ಬೆಳಗಾವಿಯ ವಿಷಯದಲ್ಲಿ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸರ್ವೋಚ್ಚ ನ್ಯಾಯಾಲಯದಲ್ಲಿದೆ.

ಗಡಿಯ ಈಚೆ ಉಳಿದವರ, ಮತ್ತು ಹೊಟ್ಟೆಪಾಡಿಗಾಗಿ ಈಚೆ ಬಂದವರ, ಭಾಷೆಯ ಗತಿಯೇನು ಎಂಬುದಕ್ಕೆ ಸಭೆಯಲ್ಲಿ ಒಂದು ಉತ್ತರ ಸಿಕ್ಕಿತ್ತು. ಮುಂಬಯಿ ಕನ್ನಡಿಗರು ಅದನ್ನು ಇನ್ನಷ್ಟು ಚೆನ್ನಾಗಿ ತಿಳಿದುಕೊಂಡಿರಬೇಕಾಗಿತ್ತು. ಸಂಸ್ಕೃತಿ ಮತ್ತು ಭಾಷೆಯನ್ನು ಕಾಪಾಡಿಕೊಳ್ಳುವ ಹಕ್ಕು ಮೊದಲಿನ ಕರಡಿನಲ್ಲಿ ‘ಅಲ್ಪಸಂಖ್ಯಾತ’ರಿಗೆ ಇತ್ತು; ಕರಡು ಸಮಿತಿ ಅದನ್ನು ‘ನಾಗರಿಕರ ಯಾವುದೇ ವರ್ಗ’ ಎಂದು ಬದಲಾಯಿಸಿತು. ಹಕ್ಕನ್ನು ತೆಳುವಾಗಿಸಿದಿರೆಂದು ಕೆಲವರು ಆಕ್ಷೇಪಿಸಿದಾಗ, 1948ರ ಡಿಸೆಂಬರ್ 8ರಂದು ಅಂಬೇಡ್ಕರರು ಕೊಟ್ಟ ಉದಾಹರಣೆ ಹೀಗಿತ್ತು: ಮದರಾಸಿನಿಂದ ಕೆಲವು ಜನ ಬಂದು ಮುಂಬಯಿಯಲ್ಲಿ ನೆಲೆಸಿದರೆ, ತಾಂತ್ರಿಕ ಅರ್ಥದಲ್ಲಿ ಅವರು ಅಲ್ಪಸಂಖ್ಯಾತರಲ್ಲದಿದ್ದರೂ ಸಾಂಸ್ಕೃತಿಕವಾಗಿ ಅಲ್ಪಸಂಖ್ಯಾತರೇ, ಅವರಿಗೂ ಈ ರಕ್ಷಣೆ ಸಿಗಬೇಕೆಂದೇ ಪದವನ್ನು ಅಗಲ ಮಾಡಲಾಗಿದೆ. ಅಂದು ಉಡುಪಿ, ಕುಂದಾಪುರ, ಮಂಗಳೂರು, ಕಾಸರಗೋಡುಗಳೆಲ್ಲ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದವು. ಅಲ್ಲಿಂದ ಬಂದು ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿಯುತ್ತಿದ್ದ ಹುಡುಗರು ಅಕ್ಷರಶಃ ‘ಮದರಾಸಿನಿಂದ ಮುಂಬಯಿಗೆ ಬಂದವರು’. ಅಂಬೇಡ್ಕರರ ಮನಸ್ಸಿನಲ್ಲಿ ಇವರೇ ಇದ್ದರೆಂದು ಹೇಳಲು ಆಧಾರವಿಲ್ಲ. ಆದರೆ ದಕ್ಷಿಣದವರು ಹೆಚ್ಚಾಗಿ ನೆಲೆಸಿದ್ದ ಮಾಟುಂಗಾಕ್ಕೆ ಕೂಗಳತೆಯ ದಾದರಿನ ಹಿಂದೂ ಕಾಲನಿಯಲ್ಲಿ ಮನೆ ಕಟ್ಟಿಕೊಂಡಿದ್ದ ಅವರ ಕಣ್ಣಿಗೆ ದಕ್ಷಿಣದಿಂದ ಬಂದ ನೆರೆಹೊರೆ ಹೊಸದೇನೂ ಆಗಿರಲಿಲ್ಲ.

ಕಾಪಾಡಿಕೊಳ್ಳುವ ಹಕ್ಕು ಎಂದರೆ ಸರಕಾರ ಅಡ್ಡ ಬರುವುದಿಲ್ಲ ಎಂದಷ್ಟೇ; ಶಾಲೆ ಕಟ್ಟಿಸಿಕೊಡುತ್ತದೆ ಎಂದಲ್ಲ. ಆ ಕೊರತೆ ರಾಜ್ಯಗಳ ಮರುವಿಂಗಡಣೆಯ ಹೊತ್ತಿಗೆ ಎದ್ದು ಕಂಡಿತು. 1956ರ ಏಳನೆಯ ತಿದ್ದುಪಡಿಯಲ್ಲಿ ಬಂದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸತಕ್ಕದ್ದು ಎನ್ನುತ್ತದೆ. ಮದ್ಯದ ವಿಧಿಯಲ್ಲಿದ್ದ, ನಾಗರಿಕ ಸಂಹಿತೆಯ ವಿಧಿಯಲ್ಲಿದ್ದ ಅದೇ ಕ್ರಿಯಾಪದ. ಆದರೆ ಈ ಸಲ ಅದನ್ನು ನಿರ್ದೇಶಕ ತತ್ವಗಳ ಸಾಲಿನಲ್ಲಿ ಇಡಲಿಲ್ಲ; ಭಾಷೆಯ ಭಾಗದಲ್ಲಿಟ್ಟು, ಸೌಕರ್ಯ ಒದಗಿಸುವಂತೆ ಯಾವುದೇ ರಾಜ್ಯಕ್ಕೆ ರಾಷ್ಟ್ರಪತಿ ನಿರ್ದೇಶನ ಕೊಡಬಹುದು ಎಂಬ ಇನ್ನೊಂದು ವಾಕ್ಯವನ್ನು ಅದರ ಬೆನ್ನಿಗೆ ಜೋಡಿಸಿದರು. ಮುಂಬಯಿ ಮಹಾನಗರಪಾಲಿಕೆ ಆ ‘ಸ್ಥಳೀಯ ಪ್ರಾಧಿಕಾರ’ಗಳಲ್ಲೊಂದು, ಅದರ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ಇವೆ. ಅವುಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಬಗ್ಗೆ ನಮ್ಮ ಸಂಘಗಳು ಕೊಡುವ ಮನವಿಪತ್ರಗಳಲ್ಲಿ ಅಭಿಮಾನದ ಮಾತುಗಳು ಧಾರಾಳವಾಗಿರುತ್ತವೆ. ನಾನು ಓದಿದ ಮನವಿಗಳಲ್ಲಿ 350ಎ ಎಂಬ ಸಂಖ್ಯೆಯನ್ನು ಒಮ್ಮೆಯೂ ಕಂಡಿಲ್ಲ.